ಹೊಸ ಟ್ರಕ್ ಕ್ಯಾಂಪರ್: ಹೀಟರ್ ಉರಿಯುತ್ತದೆ, ಬಿಸಿನೀರು ಮಾತ್ರ ಇಲ್ಲ

ವಿಡ್ಬಿ ಹೊಸಬ:
ಶನಿವಾರ ನಮ್ಮ ಮೊದಲ ಟ್ರಕ್ ಕ್ಯಾಂಪರ್ ತಂದೆವು, ಪಿಕಪ್ ಟ್ರಕ್ಕಿನ ಹಿಂಭಾಗದ ಮೇಲೆ ಕೂರಿಸುವ ಪುಟ್ಟ ಮನೆ. ಹೊಚ್ಚ ಹೊಸದು. ಅದೇ ರಾತ್ರಿ ವಾಷಿಂಗ್ಟನ್ ರಾಜ್ಯದ ಡಿಸೆಪ್ಶನ್ ಪಾಸ್ ಪಾರ್ಕಿನಲ್ಲಿ ಉಳಿದೆವು, ಬಿಸಿನೀರೇ ಇಲ್ಲ. ಸ್ವಿಚ್ ಹಾಕಿದರೆ ಹೊರಗಡೆ ಬುಸ್ ಅಂತ ಗ್ಯಾಸ್ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಉರಿದು ಆರಿಹೋಗುತ್ತದೆ. ನಲ್ಲಿ ಬಿಸಿ ಕಡೆ ತಿರುಗಿಸಿದರೂ ತಣ್ಣೀರು, ರಭಸ ಮಾತ್ರ ಚೆನ್ನಾಗಿಯೇ ಇದೆ. ಮಾರ್ಚ್ ಚಳಿಯಲ್ಲಿ 4 ವರ್ಷದ ಮಗಳಿಗೆ ಒಲೆಯ ಮೇಲೆ ನೀರು ಕಾಯಿಸಿ ಮೈ ಒರೆಸಬೇಕಾಯಿತು. ಇಷ್ಟು ದುಡ್ಡು ಕೊಟ್ಟು ಇದಾ? ಡೀಲರ್ ಹತ್ತಿರ ಮೂರು ಗಂಟೆ ಇದ್ದೆವು, ಎಲ್ಲ ಚೆಕ್ ಆಗಿದೆ ಅಂದರು. ಸೋಮವಾರದವರೆಗೆ ಅವರ ಸರ್ವಿಸ್ ಬಂದ್. ಯಾರಾದರೂ ದಾರಿ ಹೇಳಿ.

ಡೆನ್ವರ್ ದಾವಣಗೆರೆ:
ಗ್ಯಾಸ್ ಲೈನಿನಲ್ಲಿ ಗಾಳಿ ಗುರು. ಹೊಸ ಸಿಲಿಂಡರ್ ಹಾಕಿದಾಗ ಇದು ಮಾಮೂಲು. ಒಲೆ ಹಚ್ಚಿ ಎರಡು ನಿಮಿಷ ಬಿಡು, ಆಮೇಲೆ ಹೀಟರ್ ಹಾಕು.

ವಿಡ್ಬಿ ಹೊಸಬ:
ಒಲೆ ಚೆನ್ನಾಗಿಯೇ ಉರಿಯುತ್ತಿದೆ ಸರ್, ಅದರಲ್ಲೇ ನೀರು ಕಾಯಿಸಿದ್ದು.

ಡೆನ್ವರ್ ದಾವಣಗೆರೆ:
ಹಾಗಾದರೆ ರೆಗ್ಯುಲೇಟರ್. ಒಲೆಗೆ ಕಡಿಮೆ ಗ್ಯಾಸ್ ಸಾಕು, ಹೀಟರಿಗೆ ಜಾಸ್ತಿ ಬೇಕು. ಗ್ಯಾಸಿನ ಒತ್ತಡ 11 ಇಂಚು ಎತ್ತರದ ನೀರಿನಷ್ಟು ಇರಬೇಕು. ಒತ್ತಡ ಅಳೆಯುವ ಮಾನೋಮೀಟರ್ ಇದೆಯಾ? ಮೊದಲು ಅದನ್ನು ಅಳೆಯಿರಿ, ಮಿಕ್ಕಿದ್ದೆಲ್ಲ ಆಮೇಲೆ. ನಾನು ಇದೇ ತೊಂದರೆಗೆ ಎರಡು ಸಲ ರೆಗ್ಯುಲೇಟರ್ ಬದಲಾಯಿಸಿದ್ದೇನೆ.

ಟೂಸಾನ್ ಕುಟೀರ:
ಯಾವ ಟ್ರಕ್ ಅಂತ ಹೇಳಲೇ ಇಲ್ಲವಲ್ಲ? ಫೋರ್ಡಿನ ಹಗುರ ಟ್ರಕ್ ಎಫ್ 150 ಮೇಲೆ ಕೂರಿಸಿದ್ದರೆ ಬಿಸಿನೀರಿಗಿಂತ ದೊಡ್ಡ ಚಿಂತೆ ಇದೆ, ಭಾರದ್ದು.

ವಿಡ್ಬಿ ಹೊಸಬ:
ಎಫ್ 250. ಬಾಗಿಲ ಹತ್ತಿರದ ಹಳದಿ ಸ್ಟಿಕ್ಕರಿನಲ್ಲಿ ಹೊರಬಹುದಾದ ಭಾರ 2,873 ಪೌಂಡ್ ಅಂತಿದೆ. ಕ್ಯಾಂಪರ್ ಬ್ರೋಷರಿನಲ್ಲಿ ಅದರ ತೂಕ 2,150. ಬೇಕಾದಷ್ಟು ಉಳಿಯುತ್ತದೆ. ದಯವಿಟ್ಟು ಹೀಟರ್ ಬಗ್ಗೆ ಹೇಳಿ.

ಟೂಸಾನ್ ಕುಟೀರ:
ಉಳಿಯುವುದಿಲ್ಲ ಸರ್. ಬ್ರೋಷರಿನದು ಒಣ ತೂಕ. ಬಹಳ ಸಲ ಅದರಲ್ಲಿ ಬ್ಯಾಟರಿ ಇರುವುದಿಲ್ಲ, ಡೀಲರ್ ಹಾಕಿಕೊಡುವ ಎಸಿ, ಚಪ್ಪರ ಇರುವುದಿಲ್ಲ, ನೀರಂತೂ ಇಲ್ಲವೇ ಇಲ್ಲ. ಒಂದು ಗ್ಯಾಲನ್ ನೀರು 8.34 ಪೌಂಡ್. 30 ಗ್ಯಾಲನ್ ಟ್ಯಾಂಕ್ ತುಂಬಿದರೆ 250 ಪೌಂಡ್ ಅಲ್ಲೇ ಹೋಯಿತು. ತುಂಬಿದ ಎರಡು ಸಿಲಿಂಡರಿಗೆ 75, ನೀವು ಮೂವರು, ಪಾತ್ರೆ ಪಗಡ. ಲೆಕ್ಕ ಹಾಕಿ ನೋಡಿ. ಟ್ರಕ್ ಸ್ಟಾಪಿನಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ಒಂದು ಸಲ ನಿಲ್ಲಿಸಿ.

ಡೆನ್ವರ್ ದಾವಣಗೆರೆ:
ಅವರು ಕೇಳಿದ್ದು ಬಿಸಿನೀರು, ತೂಕ ಅಲ್ಲ. ಹಿಂದಿನ ಸ್ಪ್ರಿಂಗಿಗೆ ಒತ್ತುಕೊಡುವ ಗಾಳಿಚೀಲ, ಅಂದರೆ ಏರ್ ಬ್ಯಾಗ್, ಒಂದು ಜೊತೆ ಹಾಕಿಸಿದರೆ ಮುಗಿಯಿತು.

ಟೂಸಾನ್ ಕುಟೀರ:
ಏರ್ ಬ್ಯಾಗ್ ಹಾಕಿದರೆ ಟ್ರಕ್ ಸಮತಟ್ಟಾಗಿ ಕಾಣುತ್ತದೆ ಅಷ್ಟೇ. ಆಕ್ಸಲ್, ಬ್ರೇಕ್, ಟೈರುಗಳ ಮಿತಿ ಒಂದು ಪೌಂಡೂ ಏರುವುದಿಲ್ಲ. ಮಗು ಇರುವ ಗಾಡಿ, ಇಂಥ ಮಾತು ಹೇಳಬೇಡಿ. ನಾನು ಇದಕ್ಕೇ ಎಫ್ 350 ತೆಗೆದುಕೊಂಡೆ.

ಪೋರ್ಟ್‌ಲ್ಯಾಂಡ್ ಪಯಣ:
ಹೊರಗಿನ ಶವರ್ ನೋಡಿದಿರಾ? ಅದರ ಎರಡೂ ನಲ್ಲಿ ತೆರೆದಿಟ್ಟು ಕೈಹಿಡಿಯ ಗುಂಡಿ ಮಾತ್ರ ಬಂದ್ ಮಾಡಿದ್ದರೆ, ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ನಮಗೆ ಹೀಗೆಯೇ ಆಗಿತ್ತು.

ವಿಡ್ಬಿ ಹೊಸಬ:
ನೋಡಿದೆ, ಎರಡೂ ಬಂದ್ ಇದೆ. ಇನ್ನೊಂದು, ಮೊದಲು ನಲ್ಲಿ ಬಿಟ್ಟಾಗ ಗುಲಾಬಿ ಬಣ್ಣದ ನೀರು ಬಂತು. ಪೈಪ್ ತೊಳೆದ ಸೋಪು ಇರಬೇಕು ಅಂತ ಬಿಟ್ಟೆ. ಈಗ ಬರುತ್ತಿಲ್ಲ.

ತೀರ್ಥಹಳ್ಳಿ ಟಕೋಮಾ:
ಅದು ಸೋಪಲ್ಲ! ಇದನ್ನು ಮೊದಲೇ ಹೇಳಬೇಕಿತ್ತು. ಚಳಿಗಾಲಕ್ಕೆ ಪೈಪ್ ಒಡೆಯದಿರಲಿ ಅಂತ ಹಾಕುವ ಆಂಟಿಫ್ರೀಜ್. ಅದನ್ನು ಹಾಕುವಾಗ ಹೀಟರಿನ 6 ಗ್ಯಾಲನ್ ಟ್ಯಾಂಕನ್ನೂ ತುಂಬಿಸಿದರೆ ದಂಡ ಅಂತ ಬೈಪಾಸ್ ವಾಲ್ವ್ ತಿರುಗಿಸಿ ಬಿಟ್ಟಿರುತ್ತಾರೆ. ನಿಮ್ಮ ಡೀಲರ್ ಅದನ್ನು ವಾಪಸ್ ತಿರುಗಿಸಿಲ್ಲ. ನೀರು ಹೀಟರ್ ಒಳಗೆ ಹೋಗದೆ ಪಕ್ಕದಿಂದಲೇ ನಲ್ಲಿಗೆ ಬರುತ್ತಿದೆ. ನೀವು ಉರಿಸಿದ್ದು ಖಾಲಿ ಹಂಡೆಗೆ. ಅದು ವಿಪರೀತ ಕಾದು ತಾನಾಗಿಯೇ ಆರಿದೆ. ಗ್ಯಾಸ್ ಈಗಲೇ ಆಫ್ ಮಾಡಿ. ಹೀಟರಿನ ಕರೆಂಟಿನ ಸ್ವಿಚ್ ಕೂಡ ಹಾಕಿದ್ದಿರಾ? ದಯವಿಟ್ಟು ನಿಜ ಹೇಳಿ.

ಡೆನ್ವರ್ ದಾವಣಗೆರೆ:
ಇದ್ದರೂ ಇರಬಹುದು, ಆದರೆ ರೆಗ್ಯುಲೇಟರ್ ಒಂದು ಸಲ ಅಳೆದು ನೋಡುವುದು ಒಳ್ಳೆಯದು.

ವಿಡ್ಬಿ ಹೊಸಬ:
ಹಾಕಿದ್ದೆ ಅಕ್ಕ. ಪಾರ್ಕಿನಲ್ಲಿ 30 ಆಂಪ್ ಕನೆಕ್ಷನ್ ಇತ್ತು, ಗ್ಯಾಸ್ ಉಳಿಯಲಿ ಅಂತ ರಾತ್ರಿಯೆಲ್ಲ ಕರೆಂಟಿನಲ್ಲೇ ಇಟ್ಟಿದ್ದೆ.

ತೀರ್ಥಹಳ್ಳಿ ಟಕೋಮಾ:
ಹಾಗಾದರೆ ಕರೆಂಟಿನಲ್ಲಿ ನೀರು ಕಾಯಿಸುವ ಕಾಯಿಲ್ ಸುಟ್ಟಿರಬೇಕು. ನೀರಿಲ್ಲದೆ ಅದು ಬಹಳ ಹೊತ್ತು ಬಾಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಗ್ಯಾಸಿನಲ್ಲಿ ಬಿಸಿನೀರು ಬರುವ ಸಾಧ್ಯತೆ ಜಾಸ್ತಿ ಇದೆ. ಎರಡೂ ಸ್ವಿಚ್ ಆಫ್ ಮಾಡಿ, ಹೀಟರ್ ಪೂರ್ತಿ ತಣ್ಣಗಾಗಲಿ. ಅದರ ಬೆನ್ನು ಒಳಗಡೆ ಯಾವುದೋ ಹಲಗೆಯ ಹಿಂದೆ ಇರುತ್ತದೆ, ಸಿಂಕ್ ಕೆಳಗೆ ಅಥವಾ ಕೂರುವ ಸೀಟಿನ ಕೆಳಗೆ ಹುಡುಕಿ. ಮೂರು ವಾಲ್ವ್ ಇದ್ದರೆ ಟ್ಯಾಂಕಿಗೆ ಹೋಗುವ ಎರಡನ್ನೂ ತೆರೆಯಿರಿ, ನಡುವಿನದನ್ನು ಮುಚ್ಚಿ. ಹಿಡಿ ಪೈಪಿನ ಜೊತೆ ಉದ್ದಕ್ಕೆ ಇದ್ದರೆ ತೆರೆದಿದೆ ಅಂತ ಅರ್ಥ, ಅಡ್ಡ ಇದ್ದರೆ ಮುಚ್ಚಿದೆ. ಆಮೇಲೆ ಬಿಸಿ ನಲ್ಲಿ ಬಿಟ್ಟು ಪಂಪ್ ಹಾಕಿ. ಕೆಲವು ನಿಮಿಷ ಬರೀ ಗಾಳಿ, ಫಟ್ ಫಟ್ ಅಂತ ಸದ್ದು. ಗಾಳಿಯಿಲ್ಲದ ಧಾರೆ ಬರುವವರೆಗೂ ಗ್ಯಾಸ್ ಹಚ್ಚಬೇಡಿ.

ಕಾಯಿಲ್ ನೋಡಬೇಕಾದರೆ ಮೊದಲು ಹೊರಗಿನ ಕರೆಂಟ್ ಕೇಬಲ್ ಕಿತ್ತುಬಿಡಿ. ಇನ್ವರ್ಟರ್ ಇದ್ದರೆ ಅದೂ ಆಫ್. ಎರಡು ತುದಿಗೆ ಮಲ್ಟಿಮೀಟರ್ ಇಡಿ. 1,440 ವ್ಯಾಟಿನದಾದರೆ 10 ಓಮ್ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ.

ಫ್ರೀಮಾಂಟ್ ಮೈಸೂರು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಬರುವ ಶನಿವಾರ ನಾವೂ ಮೊದಲ ಕ್ಯಾಂಪರ್ ತರಲು ಹೋಗುತ್ತಿದ್ದೇವೆ. ಡೀಲರ್ ಅಂಗಳದಲ್ಲಿ ನೀರು ತುಂಬಿಸಿ ನೋಡಲು ಬಿಡುತ್ತಾರಾ? ಕೇಳಿದರೆ ತಪ್ಪು ತಿಳಿಯುತ್ತಾರಾ?

ತೀರ್ಥಹಳ್ಳಿ ಟಕೋಮಾ:
ತಿಳಿದರೆ ತಿಳಿಯಲಿ. ಕೊನೆಯ ಸಹಿ ಹಾಕುವ ಮೊದಲು ನೀರು, ಗ್ಯಾಸ್, ಕರೆಂಟ್ ಮೂರೂ ನಿಮ್ಮ ಕಣ್ಣೆದುರೇ ಓಡಬೇಕು. ಬಿಸಿನೀರು ನಿಮ್ಮ ಕೈಗೆ ತಾಗಬೇಕು. ಟ್ಯಾಂಕ್ ತುಂಬಿಸಿ ಪಂಪ್ ಹಾಕಿ ಎಲ್ಲ ನಲ್ಲಿ ಮುಚ್ಚಿ, ಆಗಲೂ ಪಂಪ್ ಆಗಾಗ ಟುರ್ ಅಂದರೆ ಎಲ್ಲೋ ಸೋರುತ್ತಿದೆ. ಗ್ಯಾಸ್ ಫ್ರಿಜ್ ಇದ್ದರೆ ಹಿಂದಿನ ದಿನವೇ ಹಾಕಿಡಲು ಹೇಳಿ, ಅದು ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಕ್ಯಾಂಪರನ್ನು ಎತ್ತಿ ಹಿಡಿಯುವ ನಾಲ್ಕೂ ಜ್ಯಾಕ್ ನೀವೇ ಏರಿಸಿ ಇಳಿಸಿ, ಟ್ರಕ್ ಕೆಳಗಿಂದ ತೆಗೆದು ಮತ್ತೆ ನೀವೇ ಒಳಗೆ ತನ್ನಿ. ಅವರು ಮಾಡಿ ತೋರಿಸಿದರೆ ಮನೆಗೆ ಬಂದಮೇಲೆ ನೆನಪಿರುವುದಿಲ್ಲ.

ಟೂಸಾನ್ ಕುಟೀರ:
ಮೊದಲ 50 ಮೈಲಿ ಆದಮೇಲೆ ನಿಲ್ಲಿಸಿ, ಕ್ಯಾಂಪರನ್ನು ಟ್ರಕ್ಕಿಗೆ ಕಟ್ಟಿಹಿಡಿಯುವ ಟರ್ನ್‌ಬಕಲ್ ಮತ್ತೆ ಬಿಗಿ ಮಾಡಿ. ಕ್ಯಾಂಪರ್ ಕೂತಹಾಗೆ ಸಡಿಲ ಆಗುತ್ತವೆ.

ವಿಡ್ಬಿ ಹೊಸಬ:
ಅಕ್ಕ, ಬಂತು! ಸಿಂಕ್ ಕೆಳಗೆ ನಾಲ್ಕು ಸ್ಕ್ರೂ ಬಿಚ್ಚಿದೆ, ಹಿಂದೆ ಮೂರು ವಾಲ್ವ್, ನೀವು ಹೇಳಿದ್ದಕ್ಕೆ ಸರಿಯಾಗಿ ತಿರುಗಾ ಮುರುಗಾ ಇದ್ದವು. ಅರ್ಧ ಗಂಟೆಯಲ್ಲಿ ಕೈ ಇಡಲಾಗದಷ್ಟು ಬಿಸಿ. ಮಗಳು ಮೂರು ದಿನದ ಮೇಲೆ ತಲೆಗೆ ಸ್ನಾನ ಮಾಡಿದಳು. ಕಾಯಿಲ್ ಸುಟ್ಟಿದೆ, ಮೀಟರ್ ಏನೂ ತೋರಿಸಲಿಲ್ಲ. ಡೀಲರಿಗೆ ಫೋಟೋ ಸಮೇತ ಬರೆದೆ. ವಾರಂಟಿಯಲ್ಲಿ ಬರುತ್ತದೋ ಇಲ್ಲವೋ ನೋಡಿ ಹೇಳುತ್ತೇವೆ ಅಂದಿದ್ದಾರೆ, ತಪ್ಪು ಅವರದು, ನಾನು ಬಿಡುವುದಿಲ್ಲ.

ಟೂಸಾನ್ ಸರ್, ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಆದರೂ ಇವತ್ತು ಟ್ಯಾಂಕ್ ತುಂಬಿಸಿಕೊಂಡು ಕ್ಯಾಟ್ ಸ್ಕೇಲಿಗೆ ಹೋಗಿಬಂದೆ. ಎಲ್ಲ ಸೇರಿ ಟ್ರಕ್ಕಿನ ಮಿತಿ 10,000 ಪೌಂಡ್, ಚೀಟಿಯಲ್ಲಿ ಬಂದಿದ್ದು 10,140. ಇನ್ನು ಮುಂದೆ 10 ಗ್ಯಾಲನ್ ನೀರು ಮಾತ್ರ ಹಾಕಿಕೊಂಡು ಹೊರಡುತ್ತೇವೆ, ಮಿಕ್ಕಿದ್ದನ್ನು ಪಾರ್ಕಿನಲ್ಲೇ ತುಂಬಿಸಿಕೊಳ್ಳುತ್ತೇವೆ.