ಎಂಟು ಹಾಕುವಾಗ ಬಲ ಸುತ್ತಿನಲ್ಲಿ ಮಾತ್ರ ಸ್ಕೂಟರ್ ನುಗ್ಗುತ್ತದೆ: ಡಿಎಲ್ ಪರೀಕ್ಷೆಗೆ ಮುನ್ನ ಏನನ್ನು ಸರಿಪಡಿಸಬೇಕು?

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಶಾಲೆಗೆ ಹೋಗಿಬರಲು ಬಸ್ಸನ್ನೇ ನೆಚ್ಚಿಕೊಂಡಿದ್ದ ನಾನು ಈಗ ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿಕೊಂಡು, ತಮ್ಮನ 110 ಸಿಸಿಯ ಗೇರ್‌ರಹಿತ ಸ್ಕೂಟರಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ನೇರ ರಸ್ತೆಯಲ್ಲಿ, ಹಂಪ್‌ಗಳ ಮೇಲೆ, ಸಂತೆಯ ದಿನದ ನೂಕುನುಗ್ಗಲಿನಲ್ಲಿಯೂ ತೊಂದರೆಯಿಲ್ಲ. ಆದರೆ ಡಿಎಲ್ ಪರೀಕ್ಷೆಗಾಗಿ ಎಂಟು ಹಾಕುವಾಗ, ಅಂದರೆ 8ರ ಆಕಾರದ ಪಥದಲ್ಲಿ ಕಾಲು ಊರದೆ ಓಡಿಸುವಾಗ, ಎಡ ಸುತ್ತು ಸಲೀಸಾಗಿ ಮುಗಿಯುತ್ತದೆ. ಬಲ ಸುತ್ತಿಗೆ ಹ್ಯಾಂಡಲ್ ಪೂರ್ತಿ ತಿರುಗಿಸಿದ ಕೂಡಲೇ ಗಾಡಿ ತಾನಾಗಿಯೇ ಮುಂದಕ್ಕೆ ನುಗ್ಗಿ ಗೆರೆ ದಾಟುತ್ತದೆ, ಬ್ರೇಕ್ ಹಿಡಿದರೆ ವಾಲಿ ಕಾಲು ಊರಬೇಕಾಗುತ್ತದೆ. ಪರೀಕ್ಷೆಯಲ್ಲಿಯೂ ಹೀಗೆಯೇ ಆಗಿ ಅನುತ್ತೀರ್ಣಳಾದೆ. ಬ್ಯಾಲೆನ್ಸ್ ಸಾಲದು, ಇನ್ನೂ ಓಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಎಡಕ್ಕಿರುವ ಬ್ಯಾಲೆನ್ಸ್ ಬಲಕ್ಕೆ ಏಕಿಲ್ಲ ಎಂಬುದಕ್ಕೆ ಯಾರಿಂದಲೂ ಉತ್ತರ ಸಿಕ್ಕಿಲ್ಲ. ದಯವಿಟ್ಟು ತಿಳಿಸಿ.

ಉತ್ತರ 1 (ಹುಬ್ಬಳ್ಳಿಯಿಂದ)

ಮೇಡಂ, ನೀವು ಕೇಳಿರುವ ಕೊನೆಯ ಪ್ರಶ್ನೆಯಲ್ಲಿಯೇ ದಾರಿ ಇದೆ. ಬ್ಯಾಲೆನ್ಸಿನ ಕೊರತೆಯಾಗಿದ್ದರೆ ಎರಡೂ ಸುತ್ತಿನಲ್ಲಿ ಕಾಣಬೇಕಿತ್ತು. ಒಂದೇ ಕಡೆ ಗಾಡಿ ನುಗ್ಗುತ್ತಿದೆ ಎಂದರೆ ಆ ಕಡೆ ತಿರುಗಿದಾಗ ಆಕ್ಸಿಲರೇಟರ್ ತೆರೆದುಕೊಳ್ಳುತ್ತಿದೆ ಎಂದೇ ಅರ್ಥ. ಅದನ್ನು ತೆರೆಯುತ್ತಿರುವುದು ಗಾಡಿಯೋ ನಿಮ್ಮ ಕೈಯೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಸ್ಕೂಟರನ್ನು ಬಯಲಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಚಕ್ರ ನೆಲದಿಂದ ಮೇಲೆದ್ದಿರಲಿ, ಮತ್ತೊಬ್ಬರು ಗಾಡಿಯನ್ನು ಬಿಗಿಯಾಗಿ ಹಿಡಿದಿರಲಿ. ಚಕ್ರ ತಿರುಗುವ ಸಾಧ್ಯತೆ ಇರುವುದರಿಂದ ಮಕ್ಕಳು, ಸೆರಗು, ದುಪಟ್ಟಾ ಹತ್ತಿರ ಬರಬಾರದು. ಇಂಜಿನ್ ಕೆಲವು ನಿಮಿಷ ಬಿಸಿಯಾದ ಮೇಲೆ ಆಕ್ಸಿಲರೇಟರ್ ಹಿಡಿಯನ್ನು ಮುಟ್ಟದೆ, ಹ್ಯಾಂಡಲ್‌ನ ನಡುಭಾಗವನ್ನು ಹಿಡಿದು ಎಡತುದಿಗೂ ಬಲತುದಿಗೂ ನಿಧಾನವಾಗಿ ತಿರುಗಿಸಿ, ಸದ್ದನ್ನು ಗಮನವಿಟ್ಟು ಕೇಳಿ. ಕೈ ಮುಟ್ಟದಿದ್ದರೂ ಬಲಕ್ಕೆ ತಿರುಗಿದಾಗ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯಲ್ಪಡುತ್ತಿದೆ ಎಂದರ್ಥ. ಮುಂಭಾಗದ ಕವರ್ ಬಿಚ್ಚಿ ಮರಳಿ ಕೂರಿಸುವಾಗ ಕೇಬಲ್ ತನ್ನ ದಾರಿ ತಪ್ಪಿ ಸಿಕ್ಕಿಕೊಂಡಿದ್ದರೆ, ಅಥವಾ ಅದರಲ್ಲಿ ಇರಬೇಕಾದ ಸಡಿಲವೇ ಇಲ್ಲದಿದ್ದರೆ ಹೀಗಾಗುತ್ತದೆ. ಹಿಡಿಯನ್ನು ತಿರುವಿದಾಗ ಎಳೆತ ಸಿಗುವ ಮೊದಲು ಕೆಲವು ಮಿಲಿಮೀಟರಿನಷ್ಟು ಖಾಲಿ ಚಲನೆ ಇರಲೇಬೇಕು. ನಿಮ್ಮ ಗಾಡಿಗೆ ಎಷ್ಟು ಎಂಬುದು ಅದರ ಕೈಪಿಡಿಯಲ್ಲಿ ಇರುತ್ತದೆ. ಇದು ಪರೀಕ್ಷೆಗಷ್ಟೇ ಸಂಬಂಧಿಸಿದ ವಿಷಯವಲ್ಲ. ರಸ್ತೆಯಲ್ಲಿ ಯು-ತಿರುವು ತೆಗೆದುಕೊಳ್ಳುವಾಗ ಇದೇ ದೋಷ ಎದುರಿನ ವಾಹನದ ಕೆಳಗೆ ನಿಮ್ಮನ್ನು ತಳ್ಳಬಹುದು. ಆದ್ದರಿಂದ ಸರಿಪಡಿಸುವವರೆಗೆ ಗಾಡಿಯನ್ನು ಹೊರಗೆ ತೆಗೆಯಬೇಡಿ.

ಸದ್ದು ಏರದಿದ್ದರೆ ಕಾರಣ ನಿಮ್ಮ ಬಲಮೊಣಕೈ. ಹ್ಯಾಂಡಲ್ ಬಲಕ್ಕೆ ತಿರುಗಿದಾಗ ಬಲಗೈ ಹೊಟ್ಟೆಯ ಕಡೆಗೆ ಬರುತ್ತದೆ. ಮೊಣಕೈ ಪಕ್ಕೆಗೆ ಅಂಟಿಕೊಂಡಿದ್ದರೆ ಹಿಂದೆ ಸರಿಯಲು ಜಾಗವಿಲ್ಲದೆ ಮಣಿಕಟ್ಟು ಕೆಳಗೆ ಮಡಚಿ, ನಿಮಗೆ ಅರಿವಿಲ್ಲದಂತೆ ಹಿಡಿಯನ್ನು ತಿರುವಿಬಿಡುತ್ತದೆ. ಎಡಕ್ಕೆ ತಿರುಗುವಾಗ ಕೈ ದೂರ ಚಾಚುವುದರಿಂದ ಈ ತೊಂದರೆ ಬರುವುದಿಲ್ಲ. ಸೀಟಿನಲ್ಲಿ ಸ್ವಲ್ಪ ಹಿಂದೆ ಸರಿದು ಕುಳಿತು, ಮೊಣಕೈಯನ್ನು ಹೊರಕ್ಕೆ ಚಾಚಿ, ಹಿಡಿಯನ್ನು ಹೊರಮಗ್ಗುಲಿನಿಂದ ಹಿಡಿಯುವುದನ್ನು ಇಂಜಿನ್ ಆರಿಸಿ ನಿಂತಲ್ಲಿಯೇ ಅಭ್ಯಾಸ ಮಾಡಿ.

ಪ್ರಶ್ನೆ ಕೇಳಿದವರು

ಸರ್, ನೀವು ಹೇಳಿದಂತೆ ತಮ್ಮನ ಜೊತೆ ಪರೀಕ್ಷಿಸಿದೆ. ಎಡಕ್ಕೆ ಸದ್ದು ಬದಲಾಗಲಿಲ್ಲ. ಬಲತುದಿಯಲ್ಲಿ ಸ್ಪಷ್ಟವಾಗಿ ಏರಿತು, ಹಿಂದಿನ ಚಕ್ರವೂ ತಿರುಗತೊಡಗಿತು. ಮೆಕ್ಯಾನಿಕ್ ಮುಂದಿನ ಕವರ್ ಬಿಚ್ಚಿದಾಗ ಕೇಬಲ್ ಬೇರೊಂದು ವೈರಿನ ಕಟ್ಟಿನ ಹಿಂದೆ ಸಿಕ್ಕಿಕೊಂಡಿದ್ದದ್ದು ಕಂಡಿತು. ಅದನ್ನು ಬಿಡಿಸಿ, ಸಡಿಲವನ್ನು ಹೊಂದಿಸಿಕೊಟ್ಟಿದ್ದಾರೆ. ಈಗ ಗಾಡಿ ನುಗ್ಗುವುದಿಲ್ಲ. ಆದರೆ ಎರಡು ಸುತ್ತುಗಳು ಕೂಡುವ ನಡುಭಾಗದಲ್ಲಿ ವೇಗ ತಗ್ಗಿಸಲು ಆಕ್ಸಿಲರೇಟರ್ ಬಿಟ್ಟರೆ ಗಾಡಿ ಸತ್ತಂತಾಗಿ ವಾಲುತ್ತದೆ, ಮತ್ತೆ ಕೊಟ್ಟರೆ ಜರ್ಕ್ ಹೊಡೆಯುತ್ತದೆ.

ಉತ್ತರ 1

ದೋಷ ಸಿಕ್ಕಿದ್ದು ನಿಜಕ್ಕೂ ಸಂತೋಷದ ವಿಷಯ. ಈಗಿನದು ದೋಷವಲ್ಲ, ಗೇರ್‌ರಹಿತ ಸ್ಕೂಟರಿನ ಗುಣ. ಇದರಲ್ಲಿ ಕ್ಲಚ್ ನಿಮ್ಮ ಕೈಯಲ್ಲಿಲ್ಲ. ಇಂಜಿನ್ ವೇಗ ಒಂದು ಮಟ್ಟಕ್ಕೆ ಏರಿದಾಗ ಒಳಗಿನ ಕ್ಲಚ್ ಶೂಗಳು ತಿರುಗುವ ಬಲಕ್ಕೆ ಹೊರಚಾಚಿ, ಹಿಂದಿನ ಚಕ್ರವನ್ನು ತಿರುಗಿಸುವ ಡ್ರಮ್ಮನ್ನು ಹಿಡಿಯುತ್ತವೆ, ವೇಗ ಇಳಿದಾಗ ಬಿಡುತ್ತವೆ. ನಿಧಾನಗತಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ ಚಕ್ರಕ್ಕೂ ಇಂಜಿನ್‌ಗೂ ಸಂಬಂಧವೇ ಕಡಿದುಹೋಗುತ್ತದೆ. ವಾಲಿದ ಗಾಡಿಯನ್ನು ಎತ್ತಿ ನಿಲ್ಲಿಸುವುದು ಹಿಂದಿನ ಚಕ್ರದ ತಳ್ಳುವಿಕೆಯೇ ಆದ್ದರಿಂದ, ಅದು ಇಲ್ಲವಾದ ಕ್ಷಣದಲ್ಲಿ ಕಾಲು ನೆಲಕ್ಕೆ ಬರುತ್ತದೆ. ನನ್ನ ಅನುಭವದಲ್ಲಿ ಎಂಟರಲ್ಲಿ ಕಾಲೂರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಅವರಿಗೆ ಬ್ಯಾಲೆನ್ಸ್ ಇಲ್ಲವೆಂದು ಹೇಳಿ ಧೈರ್ಯ ಕುಂದಿಸುವುದು ನನಗೆ ಒಪ್ಪಿಗೆಯಾಗದ ಮಾತು.

ಪರಿಹಾರ ಹೀಗೆ. ಪಥವನ್ನು ಪ್ರವೇಶಿಸಿದಾಗಿನಿಂದ ಹೊರಬರುವವರೆಗೆ ಆಕ್ಸಿಲರೇಟರನ್ನು ಒಂದೇ ಸಣ್ಣ ಪ್ರಮಾಣದಲ್ಲಿ ತೆರೆದಿಟ್ಟು, ಅದನ್ನು ಮರೆತುಬಿಡಿ. ವೇಗವನ್ನು ಎಡಗೈಯ ಹಿಂದಿನ ಬ್ರೇಕಿನಿಂದ, ಅದರ ಲೈನರ್ (ಉಜ್ಜಿ ಚಕ್ರವನ್ನು ತಡೆಯುವ ಪಟ್ಟಿ) ಮೆಲ್ಲಗೆ ಸವರಿದಷ್ಟು ಮಾತ್ರ ಒತ್ತಿ ನಿಯಂತ್ರಿಸಿ. ಬಲಗೈಯ ಮುಂದಿನ ಬ್ರೇಕಿನ ಮೇಲೆ ಬೆರಳನ್ನೇ ಇಡಬೇಡಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಒಳಮಗ್ಗುಲಿಗೆ ಕುಸಿಯುತ್ತದೆ. 2019ರ ಏಪ್ರಿಲ್ 1ರ ನಂತರ ಮಾರಾಟವಾದ 125 ಸಿಸಿವರೆಗಿನ ಸ್ಕೂಟರಾದರೆ ಸಾಮಾನ್ಯವಾಗಿ ಸಿಬಿಎಸ್ ಇರುತ್ತದೆ, ಅಂದರೆ ಎಡಗೈಯ ಬ್ರೇಕೇ ಮುಂದಿನ ಚಕ್ರವನ್ನೂ ಸ್ವಲ್ಪ ಹಿಡಿಯುತ್ತದೆ. ಆದ್ದರಿಂದ ಒತ್ತಡ ಇನ್ನಷ್ಟು ಹಗುರವಾಗಿರಬೇಕು. ಇಂಜಿನ್ ಮುಂದೆ ತಳ್ಳುತ್ತಿರುವಾಗ ಬ್ರೇಕ್ ಹಿಂದೆ ಹಿಡಿದರೆ, ಬಿಗಿಯಾಗಿ ಎಳೆದು ಕಟ್ಟಿದ ಹಗ್ಗದಂತೆ ಗಾಡಿ ಅಲುಗದೆ ಸಾಗುತ್ತದೆ. ಇದನ್ನೇ ಗಂಟೆಗಟ್ಟಲೆ ಮಾಡಬೇಡಿ, ಕ್ಲಚ್ ಮತ್ತು ಲೈನರ್ ಬಿಸಿಯಾಗುತ್ತವೆ. ನಡುನಡುವೆ ನೇರವಾಗಿ ಓಡಿಸಿ ಬನ್ನಿ.

ದೃಷ್ಟಿ ಚಕ್ರದ ಮುಂದಿನ ನೆಲದ ಮೇಲೆ ಇರದೆ ಸುತ್ತಿನ ಆಚೆ ತುದಿಯಲ್ಲಿರಲಿ, ಅದಕ್ಕಾಗಿ ಕುತ್ತಿಗೆಯನ್ನೇ ತಿರುಗಿಸಬೇಕು. ಗಾಡಿ ಒಳಕ್ಕೆ ವಾಲಲಿ, ದೇಹ ನೆಟ್ಟಗಿರಲಿ.

ಉತ್ತರ 2 (ಮೈಸೂರಿನಿಂದ)

ಹುಬ್ಬಳ್ಳಿಯವರ ಮಾತಿಗೆ ಒಂದು ಸೇರ್ಪಡೆ. ಈ ಚರ್ಚೆಯನ್ನು ಓದುವವರಲ್ಲಿ ಯಾರಾದರೂ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಪರೀಕ್ಷೆಗೆ ಹೋಗುವವರಿದ್ದರೆ ಬ್ರೇಕ್ ಸವರುವ ಉಪಾಯವನ್ನು ಹಾಗೆಯೇ ಅನುಸರಿಸಬಾರದು. ಹಲವು ಮಾದರಿಗಳಲ್ಲಿ ಬ್ರೇಕ್ ಲಿವರ್ ಮುಟ್ಟಿದ ಕೂಡಲೇ ಮೋಟಾರಿಗೆ ವಿದ್ಯುತ್ ನಿಂತುಹೋಗುತ್ತದೆ. ಅಂಥ ಗಾಡಿಯನ್ನು ಅತ್ಯಂತ ಮಂದವಾದ ಮೋಡ್‌ನಲ್ಲಿಟ್ಟು, ಆಕ್ಸಿಲರೇಟರ್ ಒಂದರಿಂದಲೇ ಎಂಟನ್ನು ಮುಗಿಸುವುದನ್ನು ಕಲಿಯಬೇಕು.

ಅಭ್ಯಾಸದ ಪಥದ ಅಳತೆಯ ಬಗ್ಗೆಯೂ ಹೇಳಬೇಕು. ಮನಸ್ಸಿಗೆ ಬಂದ ಗಾತ್ರದ ಎಂಟನ್ನು ಹಾಕಿ ಕಲಿತವರಿಗೆ ಪರೀಕ್ಷೆಯ ಪಥ ಇಕ್ಕಟ್ಟಾಗಿ ಕಾಣುತ್ತದೆ. ಪರೀಕ್ಷೆ ಇಲ್ಲದ ವೇಳೆಯಲ್ಲಿ ಅನುಮತಿ ಕೇಳಿ ಆ ಜಾಗಕ್ಕೆ ಹೋಗಿ, ಪಥದ ಅಗಲ ಮತ್ತು ಸುತ್ತಿನ ಅಡ್ಡಳತೆಯನ್ನು ಹೆಜ್ಜೆಯಲ್ಲಿ ಅಳೆದುಕೊಂಡು, ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಅಷ್ಟೇ ಗಾತ್ರದ್ದನ್ನು ಬರೆದುಕೊಳ್ಳಿ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಇರುವಂಥ ಸ್ವಯಂಚಾಲಿತ ಪಥದಲ್ಲಿ ತಪ್ಪನ್ನು ಯಂತ್ರವೇ ದಾಖಲಿಸುವುದರಿಂದ, ಗೆರೆಯ ಒಳಗೆ ಉಳಿಯುವ ಅಭ್ಯಾಸ ಅಲ್ಲಿ ಇನ್ನೂ ಮುಖ್ಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬು ಮನಸ್ಸಿನ ಧನ್ಯವಾದಗಳು. ಆಕ್ಸಿಲರೇಟರನ್ನು ಹಾಗೆಯೇ ಇಟ್ಟು ಎಡಗೈಯಿಂದ ಸವರುವುದನ್ನು ಆರಂಭಿಸಿದ್ದೇನೆ. ಸುತ್ತು ದೊಡ್ಡದಾಗಿದ್ದಾಗ ಕಾಲು ಊರದೆ ಬರುತ್ತಿದ್ದೇನೆ, ದಿನದಿನಕ್ಕೆ ಸುತ್ತನ್ನು ಚಿಕ್ಕದು ಮಾಡುತ್ತಿದ್ದೇನೆ. ಮರುಪರೀಕ್ಷೆಗೆ ಯಾವಾಗ ಹೋಗಬಹುದು? ಇದೇ ಸ್ಕೂಟರಿನಲ್ಲಿ ಪಾಸಾದರೆ ಮನೆಯಲ್ಲಿರುವ ಬೈಕನ್ನೂ ಓಡಿಸಬಹುದೇ?

ಉತ್ತರ 2

ಅನುತ್ತೀರ್ಣರಾದ ದಿನದಿಂದ ಏಳು ದಿನ ಕಳೆದ ಮೇಲೆ ಮರುಪರೀಕ್ಷೆಗೆ ಹೋಗಬಹುದು. 1988ರ ಮೋಟಾರು ವಾಹನ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮೂರು ಬಾರಿಯೂ ಆಗದಿದ್ದರೆ, ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕಾಗುತ್ತದೆ. ಆದ್ದರಿಂದ ಏಳು ದಿನ ಮುಗಿಯಿತೆಂದು ಅವಸರದಲ್ಲಿ ಸ್ಲಾಟ್ ತೆಗೆದುಕೊಳ್ಳುವುದಕ್ಕಿಂತ, ಅಳತೆಯ ಪಥದಲ್ಲಿ ಎರಡೂ ದಿಕ್ಕಿನಿಂದ ನಿರಾಳವಾಗಿ ಬರುವಂತಾದ ಮೇಲೆ ತೆಗೆದುಕೊಳ್ಳುವುದೇ ಒಳ್ಳೆಯದು. ಎಲ್‌ಎಲ್‌ನ ಅವಧಿ ಆರು ತಿಂಗಳು ಎಂಬುದು ಲೆಕ್ಕದಲ್ಲಿರಲಿ.

ಬೈಕಿನ ವಿಷಯದಲ್ಲಿ ಉತ್ತರ ಇಲ್ಲ ಎಂದೇ. ಗೇರ್‌ರಹಿತ ಸ್ಕೂಟರಿನಲ್ಲಿ ಪರೀಕ್ಷೆ ಕೊಟ್ಟರೆ ಗೇರ್‌ರಹಿತ ವರ್ಗದ ಲೈಸೆನ್ಸ್ ಮಾತ್ರ ಸಿಗುತ್ತದೆ. ಬೈಕ್ ಬೇಕಾದರೆ ಗೇರ್ ಸಹಿತ ವರ್ಗಕ್ಕೆ ಎಲ್‌ಎಲ್ ಪಡೆದು ಬೈಕಿನಲ್ಲಿಯೇ ಪರೀಕ್ಷೆ ಕೊಡಬೇಕು. ಪರೀಕ್ಷೆಯ ದಿನ ಎಲ್‌ಎಲ್ ಜೊತೆಗೆ ಗಾಡಿಯ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರ ಇರಲಿ; ಗಾಡಿ ತಮ್ಮನದಾದ್ದರಿಂದ ಇವುಗಳ ದಿನಾಂಕವನ್ನು ಇಂದೇ ನೋಡಿಕೊಳ್ಳಿ. ಹಿಂದೆ ಮುಂದೆ ಬಿಳಿಯ ಹಿನ್ನೆಲೆಯ ಮೇಲೆ ಕೆಂಪು ಎಲ್ ಫಲಕ ಇರಬೇಕು, ಐಎಸ್‌ಐ ಗುರುತಿನ ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಬೇಕು. ಹೊರಡುವ ಮುನ್ನ ಕನ್ನಡಿ ಹೊಂದಿಸಿಕೊಂಡು, ಹಿಂದೆ ತಿರುಗಿ ನೋಡಿ, ಇಂಡಿಕೇಟರ್ ಹಾಕಿ ಹೊರಡಿ. ನಿರೀಕ್ಷಕರು ಕೈಸನ್ನೆಗಳನ್ನು ಕೇಳಿದರೆ ತೋರಿಸುವಷ್ಟು ಅಭ್ಯಾಸವಿರಲಿ. ಮುಂದಿನ ಟೈರಿನ ಗಾಳಿಯನ್ನು ಹಿಂದಿನ ದಿನವೇ ಹಾಕಿಸಿ, ಗಾಳಿ ಕಡಿಮೆಯಿದ್ದರೆ ನಿಧಾನಗತಿಯಲ್ಲಿ ಹ್ಯಾಂಡಲ್ ಭಾರವಾಗುತ್ತದೆ. ಇಷ್ಟಾದ ಮೇಲೂ ಹ್ಯಾಂಡಲ್ ಎಲ್ಲಿಯಾದರೂ ಹಿಡಿದಂತಾದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್) ಮೆಕ್ಯಾನಿಕ್‌ಗೆ ತೋರಿಸಿ, ಅದನ್ನು ಸರಿಪಡಿಸಿದ ನಂತರವೇ ಸ್ಲಾಟ್ ತೆಗೆದುಕೊಳ್ಳಿ.