ಇರುವೆಯಲ್ಲದ ಇರುವೆಗೆ ಗಂಡು ಹುಡುಕಿದ್ದು

ಉತ್ತರ ಕೆರೊಲಿನಾದ ಆಗಸ್ಟ್ ಬಿಸಿಲು. ಶ್ರೀಪಾದರಾಯರ ಹಿತ್ತಿಲಿನಲ್ಲಿ ಕುಳಿತು ಚುರುಮುರಿ ಮೆಲ್ಲುತ್ತಿದ್ದೆವು. ಕುಂಕುಮದ ಭರಣಿಯಲ್ಲಿ ಹೊರಳಾಡಿ ಎದ್ದು ಬಂದಂಥ ಜೀವವೊಂದು ಮರಳುಮಣ್ಣಿನ ಮೇಲೆ ಬಸ್ಸು ತಪ್ಪಿದವರಂತೆ ಅತ್ತಿತ್ತ ಓಡಾಡುತ್ತಿತ್ತು. ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಉದ್ದ, ಮೈತುಂಬ ಕೆಂಪು ಕೂದಲು, ಹೊಟ್ಟೆಗೆ ಕಪ್ಪು ಪಟ್ಟಿ.

"ಮೃಗಶಿರಾ ಮಳೆಗೆ ನಮ್ಮ ಧಾರವಾಡದ ಹೊಲಗಳಲ್ಲಿ ಏಳುತ್ತದಲ್ಲ, ಮಖಮಲ್ಲಿನ ಹುಳು, ಅದೇ ಇದು" ಎಂದು ರಾಯರು ಬೆರಳು ಚಾಚಿದರು.

"ಬೆರಳು ಹಿಂದಕ್ಕೆ ತೆಗೆದುಕೊಳ್ಳಿ ರಾಯರೇ, ಆಮೇಲೆ ಕಾಲು ಎಣಿಸಿ. ಅದಕ್ಕೆ ಎಂಟು, ಇದಕ್ಕೆ ಆರು" ಎಂದಳು ನನ್ನ ಹೆಂಡತಿ ವಸುಧಾ. ಜೀವಶಾಸ್ತ್ರ ಕಲಿಸುವವಳು, ರಜೆಯಲ್ಲೂ ಕಲಿಸುತ್ತಾಳೆ.

"ಆರು ಕಾಲೆಂದರೆ ಇರುವೆ" ಎಂದ ನಾಗೇಶ.

"ಇರುವೆಯ ಮೀಸೆ ಮೊಣಕೈಯಂತೆ ಮಡಚಿರುತ್ತದೆ. ಇದರ ಮೀಸೆ ನೋಡಿ, ಬರೀ ದಾರ. ಜನ ಇದನ್ನು ವೆಲ್ವೆಟ್ ಇರುವೆ ಎನ್ನುತ್ತಾರೆ, ಆದರೆ ಇದು ರೆಕ್ಕೆಯಿಲ್ಲದ ಹೆಣ್ಣು ಕಣಜ. ಡ್ಯಾಸಿಮ್ಯುಟಿಲ್ಲಾ ಆಕ್ಸಿಡೆಂಟಾಲಿಸ್."

"ಅಯ್ಯೋ, ಆಕ್ಸಿಡೆಂಟಿನಲ್ಲಿ ರೆಕ್ಕೆ ಹೋಯಿತೇ?"

"ಪಶ್ಚಿಮದ್ದು ಎಂದು ಅರ್ಥ. 1758ರಲ್ಲಿ ಲಿನೇಯಸ್ ಎಂಬ ವಿಜ್ಞಾನಿ ಸ್ವೀಡನ್ನಿನಲ್ಲಿ ಕುಳಿತು ಇಟ್ಟ ಹೆಸರು. ಈ ಕಡೆಯವರು ಹಸು ಕೊಲ್ಲುವ ಇರುವೆ ಎನ್ನುತ್ತಾರೆ."

"ಹಸು ಸಾಯುತ್ತದೆಯೇ?" ರಾಯರ ದನಿ ಕುಗ್ಗಿತು.

"ಅಷ್ಟೇನೂ ವಿಷವಿಲ್ಲ. ನೋವು ಮಾತ್ರ ಹಸುವಿನ ಗಾತ್ರದ್ದು. ಕೀಟಗಳಿಂದ ಕುಟುಕಿಸಿಕೊಂಡು ನೋವಿಗೆ ಅಂಕ ಕೊಟ್ಟ ಜಸ್ಟಿನ್ ಷ್ಮಿಟ್ ಎಂಬ ವಿಜ್ಞಾನಿ ವೆಲ್ವೆಟ್ ಇರುವೆಗೆ ನಾಲ್ಕಕ್ಕೆ ಮೂರು ಕೊಟ್ಟಿದ್ದಾರೆ."

ಇರುವೆಯಲ್ಲ, ಹಸುವನ್ನೂ ಕೊಲ್ಲುವುದಿಲ್ಲ. ಹೆಸರಿಟ್ಟವರ ಪೈಕಿ ದಿಕ್ಕು ಹೇಳಿದ ಲಿನೇಯಸ್ ಒಬ್ಬನೇ ಜಾಣ ಎನಿಸಿತು ನನಗೆ.

ರಾಯರು ಒಳಗೆ ಹೋಗಿ ಚಹಾ ಸೋಸುವ ಜಾಲರಿ ತಂದು ಅದರ ಮೇಲೆ ಕವುಚಿದರು. ಒಳಗಿನಿಂದ ಕೀಚ್ ಕೀಚ್ ಎಂಬ ಸದ್ದು! ಹೊಟ್ಟೆಯ ಗಟ್ಟಿ ಪದರಗಳನ್ನು ಒಂದಕ್ಕೊಂದು ತಿಕ್ಕಿ ಬೈಯುವುದಂತೆ. ಮೆಟ್ಟಿದರೂ ಸುಲಭಕ್ಕೆ ಬಗ್ಗುವ ಕುಳವಲ್ಲ. 1977ರಲ್ಲಿ ಇದೇ ಷ್ಮಿಟ್ ಇನ್ನೊಬ್ಬರ ಜತೆ ಸೇರಿ ಈ ಪ್ರಭೇದವನ್ನೇ ಹಿಸುಕಿ ನೋಡಿದಾಗ, ಜೇನುನೊಣಕ್ಕೆ ಬೇಕಾಗುವುದರ 11 ಪಟ್ಟು ಬಲ ಬೇಕಾಯಿತು. ಬೇರೆ ಕಣಜಗಳ ಬಿಲಕ್ಕೆ ನುಗ್ಗಿ, ಅವುಗಳ ಮರಿಯ ಮೇಲೆ ಮೊಟ್ಟೆಯಿಟ್ಟು ಬರುವವಳಿಗೆ ಇಷ್ಟು ಕವಚ ಬೇಡವೇ?

"ಇದರ ಗಂಡ ಎಲ್ಲಿ?" ರಾಯರು ಕೇಳಿದರು.

ವಸುಧೆಯ ಕಣ್ಣು ಅರಳಿತು. "ಅಲ್ಲಿದೆ ನೋಡಿ ತೊಡಕು! ಗಂಡಿಗೆ ರೆಕ್ಕೆಯಿದೆ, ಕೊಂಡಿಯಿಲ್ಲ. ಈ ಪ್ರಭೇದದಲ್ಲಾದರೂ ಬಣ್ಣ ಹೋಲುತ್ತದೆ. ವೆಲ್ವೆಟ್ ಇರುವೆಗಳ ಕುಟುಂಬದ ಉಳಿದ ಎಷ್ಟೋ ಪ್ರಭೇದಗಳಲ್ಲಿ ಗಂಡಿಗೂ ಹೆಣ್ಣಿಗೂ ಸಂಬಂಧವೇ ಕಾಣುವುದಿಲ್ಲ. ಹಾಗಾಗಿ ಗಂಡಿಗೊಂದು ಹೆಸರು, ಹೆಣ್ಣಿಗೊಂದು ಹೆಸರು ಇಟ್ಟು ಬೇರೆ ಬೇರೆ ಪ್ರಭೇದವೆಂದೇ ಬರೆದುಬಿಟ್ಟಿದ್ದಾರೆ. ಈಗ ಡಿಎನ್‌ಎ ನೋಡಿ ಜೋಡಿ ಕೂಡಿಸುತ್ತಿದ್ದಾರೆ."

"ಜಾತಕ ಹೊಂದಿಸುವ ಕೆಲಸ ಎನ್ನು ತಂಗಿ."

ನನಗಂತೂ ಆ ಕಣಜಗಳ ಮೇಲೆ ಮರುಕ ಹುಟ್ಟಿತು. ನನ್ನ ಹೆಸರಿನ ಬಾಲದಲ್ಲಿ ಊರಿದೆ, ವಸುಧೆಯ ಹೆಸರಿನ ಬಾಲದಲ್ಲಿ ಅವಳ ಅಪ್ಪ. ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಕಚೇರಿಯ ಗುಮಾಸ್ತೆ ನಮ್ಮಿಬ್ಬರ ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ನೀವು ಗಂಡ ಹೆಂಡತಿ ಎನ್ನುವುದಕ್ಕೆ ಏನು ಪುರಾವೆ ಎಂದಿದ್ದಳು. ಲಗ್ನಪತ್ರಿಕೆ ತೋರಿಸಿದೆ. ಅದು ಕನ್ನಡದಲ್ಲಿತ್ತು.

"ಎರಡೂ ಒಂದೇ ಎಂದು ಗೊತ್ತಾದ ಮೇಲೆ ಯಾವ ಹೆಸರು ಉಳಿಯುತ್ತದೆ? ಗಂಡನದೇ ತಾನೇ?" ನಾಗೇಶ ಕೆಣಕಿದ.

"ಮೊದಲು ಇಟ್ಟದ್ದು ಉಳಿಯುತ್ತದೆ. ಗಂಡಿನದೋ ಹೆಣ್ಣಿನದೋ ಯಾರೂ ಕೇಳುವುದಿಲ್ಲ" ಎಂದವಳು ನನ್ನ ಕಡೆ ತಿರುಗಿ, "ನಾನು ಇವರಿಗಿಂತ ಮೂರು ತಿಂಗಳು ದೊಡ್ಡವಳು" ಎಂದಳು. ಹದಿನೆಂಟು ವರ್ಷ ಮುಚ್ಚಿಟ್ಟ ಗುಟ್ಟು ಒಂದು ಹುಳುವಿನ ದೆಸೆಯಿಂದ ಬಯಲಾಯಿತು.

ಜೋಡಿ ಕೂಡಿಸಲು ಇನ್ನೊಂದು ಉಪಾಯವೂ ಇದೆಯಂತೆ. ಜೀವಂತ ಹೆಣ್ಣನ್ನು ಜಾಲರಿಯೊಳಗಿಟ್ಟರೆ ವಾಸನೆ ಹಿಡಿದು ಗಂಡುಗಳು ಹಾರಿ ಬರುತ್ತವೆ. ಕೇಳಿದ್ದೇ ತಡ, ರಾಯರು ಕುರ್ಚಿ ಎಳೆದುಕೊಂಡು ಸ್ವಯಂವರಕ್ಕೆ ಕುಳಿತರು. ಅರ್ಧ ಗಂಟೆ ಕಳೆಯಿತು. ಬಂದದ್ದು ಎರಡು ನೊಣ, ಅವೂ ಚುರುಮುರಿಗೆ.

ಅಷ್ಟರಲ್ಲಿ ಒಳಗಿನಿಂದ ಅವರ ಮನೆಯಾಕೆಯ ದನಿ ಕೇಳಿಸಿತು: "ಚಹಾ ಕುದಿಯುತ್ತಿದೆ. ಜಾಲರಿ ಎಲ್ಲಿಟ್ಟಿರಿ?"

ರಾಯರು ಜಾಲರಿಯನ್ನೊಮ್ಮೆ ನೋಡಿದರು, ಅಡುಗೆಮನೆಯ ಬಾಗಿಲನ್ನೊಮ್ಮೆ ನೋಡಿದರು. "ನಾಗೇಶ, ನೀನು ಚಿಕ್ಕವನು," ಎಂದರು, "ಹೋಗಿ ಎತ್ತಿಕೊಂಡು ಬಾ."