ಅಜ್ಜಿಯ ಸರದ ಸವರನ್: ಚಿನ್ನ ಅಸಲಿಯೋ, ನಾಣ್ಯ ಅಸಲಿಯೋ?

ಪ್ರಶ್ನೆ (ಮೂಡಿಗೆರೆ ತಾಲ್ಲೂಕಿನ ಸದಸ್ಯರಿಂದ):
ನಮಸ್ಕಾರ ಸರ್. ತೀರಿಕೊಂಡ ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಎರಡು ಚಿನ್ನದ ನಾಣ್ಯಗಳು ಸಿಕ್ಕಿವೆ. ಒಂದು, ಸರಕ್ಕೆ ಪೋಣಿಸಲು ಮೇಲೆ ಕೊಂಡಿ ಬೆಸೆದಿರುವ ಸವರನ್, ಅಂದರೆ ಬ್ರಿಟಿಷರ ಚಿನ್ನದ ನಾಣ್ಯ. ಅದರ ಒಂದು ಮುಖದಲ್ಲಿ ಗಡ್ಡದ ದೊರೆಯ ತಲೆ, ಇನ್ನೊಂದರಲ್ಲಿ ಕುದುರೆ ಸವಾರ ಮತ್ತು 1918 ಎಂಬ ಇಸವಿ ಇದ್ದು, ಕೊಂಡಿ ಸಮೇತ 8.31 ಗ್ರಾಂ ತೂಗುತ್ತದೆ. ಇನ್ನೊಂದು, ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದಾದ ದಪ್ಪ ಬಿಲ್ಲೆ. ಅದರ ಒಂದು ಕಡೆ ಜೊತೆಯಾಗಿ ಕುಳಿತ ಎರಡು ಮೂರ್ತಿಗಳು, ಇನ್ನೊಂದು ಕಡೆ ಚುಕ್ಕೆಗಳ ನಡುವೆ ಕೊಕ್ಕೆಯಂತಹ ಗುರುತು, ತೂಕ 3.39 ಗ್ರಾಂ. ಅಂಗಡಿಯವರು ಸವರನ್ನನ್ನು ಒರೆ ಹಚ್ಚಿ ಇಪ್ಪತ್ತೆರಡು ಕ್ಯಾರೆಟ್ ಎಂದರು, ಚಿಕ್ಕದನ್ನು ಮಾತ್ರ ಅಂಚು ಕತ್ತರಿಸಿ ನೋಡಬೇಕೆಂದರು. ಒಪ್ಪಬಹುದೇ? ಅಮೆರಿಕದಲ್ಲಿರುವ ನನ್ನ ತಮ್ಮ ಒಂದನ್ನು ನೆನಪಿಗೆಂದು ಕೇಳುತ್ತಿದ್ದಾನೆ.

ಉತ್ತರ (ಹಾಸನದ ನಿವೃತ್ತ ಚಿನ್ನ ಮೌಲ್ಯಮಾಪಕರು):
ದಯವಿಟ್ಟು ಕತ್ತರಿಸಲು ಬಿಡಬೇಡಿ. ಹುಣಸೆಹಣ್ಣು ಹಾಕಿ ಉಜ್ಜುವುದೂ ಬೇಡ. ಮೂವತ್ತು ವರ್ಷ ಅಡಮಾನದ ಒಡವೆಗಳನ್ನು ಒರೆಗಲ್ಲಿಗೆ ಉಜ್ಜಿದವನಾಗಿ ಹೇಳುತ್ತೇನೆ: ಕಲ್ಲು ಲೋಹದ ಗುಣವನ್ನಷ್ಟೇ ಹೇಳುತ್ತದೆ, ಆ ನಾಣ್ಯ ಯಾವ ಟಂಕಸಾಲೆಯದೆಂದು ಹೇಳುವುದಿಲ್ಲ. ಸವರನ್‌ಗೆ ಅದರಲ್ಲಿರುವ ಚಿನ್ನದ ಬೆಲೆಗಿಂತ ಹೆಚ್ಚು ಬೆಲೆ ಸಿಗುತ್ತಿದ್ದುದರಿಂದ, 1950 ಮತ್ತು 60ರ ದಶಕಗಳಲ್ಲಿ ಲೆಬನಾನಿನ ಬೈರೂತ್‌ನಲ್ಲಿ ಒಳ್ಳೆಯ ಚಿನ್ನದಲ್ಲಿಯೇ ನಕಲಿ ಸವರನ್‌ಗಳನ್ನು ಅಚ್ಚು ಹಾಕಿದವರಿದ್ದರು. ಅಂಥವು ಒರೆಯಲ್ಲಿ ಸುಲಭವಾಗಿ ಗೆಲ್ಲುತ್ತವೆ.

ಸವರನ್‌ನ ನಿಗದಿತ ತೂಕ 7.988 ಗ್ರಾಂ, ಅಡ್ಡಳತೆ 22.05 ಮಿಲಿಮೀಟರ್. ತಮ್ಮದರಲ್ಲಿ ಹೆಚ್ಚಿಗೆ ಇರುವ ಸುಮಾರು ಮೂರನೇ ಒಂದು ಗ್ರಾಂ ಕೊಂಡಿ ಮತ್ತು ಬೆಸುಗೆಯದಾಗಿರಬಹುದು. ಮಲೆನಾಡಿನ ಮನೆಗಳಿಂದ ಬರುವ ಸವರನ್‌ಗಳಲ್ಲಿ ಕೊಂಡಿ ಇಲ್ಲದವನ್ನು ನಾನು ಕಂಡಿದ್ದೇ ಕಡಿಮೆ. ಆದರೆ ಈ ನಾಣ್ಯದ ನಿಜವಾದ ಸಾಕ್ಷಿ ಇರುವುದು ಇಸವಿಯ ಬಳಿ. 1918ರಲ್ಲಿ ಲಂಡನ್ನಿನ ಟಂಕಸಾಲೆಯಲ್ಲಿ ಸವರನ್ ಅಚ್ಚಾಗಲಿಲ್ಲ. ಅಚ್ಚಾದದ್ದು ಆಸ್ಟ್ರೇಲಿಯಾದ ಮೂರು ಟಂಕಸಾಲೆಗಳಲ್ಲಿ, ಕೆನಡಾದ ಒಟ್ಟಾವದಲ್ಲಿ ಮತ್ತು ಆ ಒಂದೇ ವರ್ಷದ ಮಟ್ಟಿಗೆ ನಮ್ಮ ಮುಂಬಯಿಯಲ್ಲಿ. ಲಂಡನ್ನಿನ ನಾಣ್ಯಕ್ಕೆ ಗುರುತಿನ ಅಕ್ಷರವಿರುವುದಿಲ್ಲ, ಉಳಿದ ಟಂಕಸಾಲೆಗಳದಕ್ಕೆ ಇರುತ್ತದೆ. ಆದ್ದರಿಂದ ಅಕ್ಷರವೇ ಇಲ್ಲದ 1918ರ ಸವರನ್ ಎಷ್ಟೇ ಹೊಳೆದರೂ ನಕಲಿ. ಕುದುರೆಯ ಕಾಲಡಿಯ ನೆಲದ ಗೆರೆಯಲ್ಲಿ, ಇಸವಿಯ ನಡುಭಾಗಕ್ಕೆ ನೇರ ಮೇಲೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಆ ಅಕ್ಷರವಿದೆಯೇ ಎಂದು ನೋಡಿ ತಿಳಿಸಿ. ಇಸವಿಯ ಬಲಕ್ಕೆ ಬಿ.ಪಿ. ಎಂಬ ಪುಟ್ಟ ಅಕ್ಷರಗಳೂ ಕಾಣಬೇಕು. ಅವು ಕುದುರೆ ಸವಾರನ ಚಿತ್ರವನ್ನು ಕೆತ್ತಿದ ಪಿಸ್ಟ್ರುಚ್ಚಿಯವು.

ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಗ್ರಾಂನ ನೂರನೇ ಒಂದು ಭಾಗವನ್ನು ತೋರಿಸುವ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಇಪ್ಪತ್ತೆರಡು ಕ್ಯಾರೆಟ್ಟಿನ ಸವರನ್ ಆದರೆ 0.45ರ ಆಸುಪಾಸು, ಕೊಂಡಿ ಸೇರಿದರೆ ಸ್ವಲ್ಪ ಹೆಚ್ಚು ಬರಬೇಕು; ಅಷ್ಟೇ ತೂಕದ ಹಿತ್ತಾಳೆಯಾದರೆ 0.9 ದಾಟುತ್ತದೆ. ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುವುದರಿಂದ, ಮೊದಲು ಅಂಟುವಾಳದ ನೊರೆಯಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಅಯಸ್ಕಾಂತವನ್ನು ನಂಬಬೇಡಿ, ಅದಕ್ಕೆ ಹಿತ್ತಾಳೆಯೂ ಅಂಟುವುದಿಲ್ಲ.

ಚಿಕ್ಕ ಬಿಲ್ಲೆಯ ವರ್ಣನೆ ಹೈದರಾಲಿಯ ವರಾಹ ಎಂಬ ಹಳೆಯ ಚಿನ್ನದ ನಾಣ್ಯಕ್ಕೆ ಹೊಂದುತ್ತದೆ: ಒಂದು ಕಡೆ ಶಿವ ಪಾರ್ವತಿಯರು, ಇನ್ನೊಂದು ಕಡೆ ಚುಕ್ಕೆಗಳ ನಡುವೆ ಅವನ ಹೆಸರಿನ ಮೊದಲ ಪಾರ್ಸಿ ಅಕ್ಷರ. ವರಾಹದ ತೂಕವೂ ಸುಮಾರು 3.4 ಗ್ರಾಂ. ಶಿವ ಪಾರ್ವತಿಯರ ಮುಖ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಇದೆ, ಆದರೆ ಅದರ ಹಿಂಬದಿಯಲ್ಲಿ ‘ಶ್ರೀ ಕೃಷ್ಣರಾಜ’ ಎಂದು ನಾಗರಿಯಲ್ಲಿ ಬರೆದಿರುತ್ತದೆ. ಕೈಯಿಂದ ಅಚ್ಚು ಹೊಡೆದ ನಾಣ್ಯವಾದ್ದರಿಂದ ಚಿತ್ರ ಒಂದು ಬದಿಗೆ ವಾಲಿದ್ದರೆ, ಅಂಚು ಸರಿಯಾದ ವೃತ್ತವಾಗಿರದಿದ್ದರೆ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಅಂಚಿನ ಸುತ್ತ ಜೋಡಣೆಯ ಗೆರೆಯೋ, ಮೈಮೇಲೆ ಸೂಜಿಮೊನೆಯಂತಹ ಗುಳಿಗಳೋ ಕಂಡರೆ. ಅವು ಎರಕ ಹೊಯ್ದದ್ದರ ಗುರುತು. ಇದನ್ನು ಕೈಯಲ್ಲಿ ಹಿಡಿದು ನೋಡದೆ ನಾನು ತೀರ್ಪು ಹೇಳಲಾರೆ.

ತಮ್ಮನಿಗೆ ಕಳಿಸುವ ವಿಚಾರ ಬಿಟ್ಟುಬಿಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತುವಾಗುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ.

ಮರುಪ್ರಶ್ನೆ (ಮೂಡಿಗೆರೆಯವರಿಂದಲೇ):
ತಾವು ಹೇಳಿದ ಜಾಗದಲ್ಲಿ, 9 ಮತ್ತು 1ರ ನೇರದಲ್ಲಿ ಎಂದುಕೊಳ್ಳುತ್ತೇನೆ, ಸಣ್ಣ ಉದ್ದಗೀಟೊಂದು ಕಾಣುತ್ತದೆ. ಅದನ್ನು ನಾನು ಕೊಳೆ ಎಂದು ಹಲ್ಲುಕಡ್ಡಿಯಲ್ಲಿ ಕೆರೆಯಲು ಹೊರಟಿದ್ದೆ! ನೀರಿನಲ್ಲಿ ಮೂರು ಸಲ ನೋಡಿದೆ. ಎರಡು ಸಲ 0.47, ಒಂದು ಸಲ 0.48 ಬಂತು.

ಉತ್ತರ:
ಕೆರೆಯದೆ ಉಳಿಸಿದ್ದು ಒಳ್ಳೆಯದಾಯಿತು. ಆ ಗೀಟು ಇಂಗ್ಲಿಷಿನ ಐ ಅಕ್ಷರ, ಮುಂಬಯಿ ಟಂಕಸಾಲೆಯ ಗುರುತು. ತೂಕ, ನೀರಿನ ಲೆಕ್ಕ, ಅಕ್ಷರ ಮೂರೂ ಒಂದನ್ನೊಂದು ಒಪ್ಪುತ್ತಿರುವುದರಿಂದ ಸವರನ್ನಿನ ಮೇಲೆ ನನಗೆ ಅನುಮಾನವಿಲ್ಲ. ಕೊಂಡಿಯನ್ನು ಬಿಡಿಸಲು ಹೋಗಬೇಡಿ; ಬೆಸುಗೆಯ ಕಲೆ ಹೇಗೂ ಉಳಿಯುತ್ತದೆ, ಕಾಯಿಸುವಾಗ ಅಂಚಿನ ಗೀರುಗಳೂ ಹಾಳಾಗುತ್ತವೆ. ವರಾಹವನ್ನು ಹತ್ತಿಯಲ್ಲಿ ಸುತ್ತಿ, ಹಾಸನಕ್ಕೆ ಬಂದಾಗ ತನ್ನಿ.

ಪ್ರಶ್ನೆ (ಬೇಲೂರಿನ ಸದಸ್ಯರಿಂದ):
ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ. ಪಾಯ ತೆಗೆಯುವಾಗ ಹೊಯ್ಸಳರ ಕಾಲದ ಒಂದು ಸೇರು ನಾಣ್ಯ ಸಿಕ್ಕಿದೆಯೆಂದು ಒಬ್ಬರು ಬಂದು, ಪರೀಕ್ಷೆಗೆಂದು ಒಂದನ್ನು ಕೊಟ್ಟು ಹೋಗಿದ್ದಾರೆ. ಅದರಲ್ಲಿ ರಾಮನ ಪಟ್ಟಾಭಿಷೇಕದ ಚಿತ್ರವಿದೆ. ಒರೆಯಲ್ಲಿ ಅದು ಅಪ್ಪಟ ಚಿನ್ನ. ಉಳಿದದ್ದನ್ನು ಅರ್ಧ ಬೆಲೆಗೆ ಕೊಡುತ್ತಾರಂತೆ.

ಉತ್ತರ:
ಅವರು ಕೊಟ್ಟ ಆ ಒಂದು ಚಿನ್ನದ್ದೇ ಆಗಿರುತ್ತದೆ, ಏಕೆಂದರೆ ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಹಣ ಕೊಟ್ಟ ಮೇಲೆ ಸಿಗುವ ಚೀಲದಲ್ಲಿರುವುದು ಹಿತ್ತಾಳೆ. ಹೊಯ್ಸಳ ದೊರೆ ವಿಷ್ಣುವರ್ಧನನ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಸಿಂಹವೂ ಇನ್ನೊಂದರಲ್ಲಿ ‘ಶ್ರೀ ತಳಕಾಡುಗೊಂಡ’ ಅಥವಾ ‘ಶ್ರೀ ನೊಣಂಬವಾಡಿಗೊಂಡ’ ಎಂಬ ಹಳಗಾಲದ ಕನ್ನಡ ಬರಹವೂ ಇರುತ್ತವೆ. ಪಟ್ಟಾಭಿಷೇಕದ ಬಿಲ್ಲೆಗಳಾದರೋ ದೇವರ ಮನೆಯಲ್ಲಿಟ್ಟು ಪೂಜಿಸುವ ರಾಮಟಂಕಗಳು. ಅವು ಹೊಯ್ಸಳರವಲ್ಲ, ಚಲಾವಣೆಯ ನಾಣ್ಯಗಳೂ ಅಲ್ಲ. ಒಂದು ವೇಳೆ ನೆಲದಲ್ಲಿ ನಿಜವಾಗಿ ನಿಧಿ ಸಿಕ್ಕಿದ್ದರೂ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ಕಾನೂನು. ಗುಟ್ಟಾಗಿ ಕೊಂಡವರೂ ತೊಂದರೆಗೆ ಸಿಲುಕುತ್ತಾರೆ. ಕೊಟ್ಟು ಹೋದ ನಾಣ್ಯವನ್ನು ಮನೆಯಲ್ಲಿಟ್ಟುಕೊಳ್ಳದೆ ಇಂದೇ ಪೊಲೀಸ್ ಠಾಣೆಗೆ ಒಪ್ಪಿಸಿ, ಅದರ ತೂಕವನ್ನು ಬರೆಸಿ ರಸೀದಿ ಪಡೆಯಿರಿ. ಆ ವ್ಯಕ್ತಿ ಮತ್ತೆ ಫೋನ್ ಮಾಡಿ ಊರಾಚೆಗೆ ಕರೆದರೆ ಒಬ್ಬರೇ ಹೋಗಬೇಡಿ.